ಕಬ್ಬಿನ ಹೊಲದ ಬೆಕ್ಕು, ಪೇಟಿಯ ರೀಡು

ಕಾಡುಬೆಕ್ಕನ್ನು ಕರೆಯಲು ಕೂತವನ ಮುಂದೆ ಬೆಕ್ಕೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಬರುತ್ತದೆ. ಇದು ನನ್ನ ಅನುಭವದ ಮಾತು. ಹಾಗಂತ ನಾನು ಬೇಟೆಗಾರನಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಓಣಿಯೊಳಗೆ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದೆ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ. ಅಂಗಡಿಯ ಮಾಲಕರು ಗದಗಿನ ಕಡೆಯ ಹಿರಿಯರು, ಭಾರಿ ಕಟ್ಟುನಿಟ್ಟು. ಗಿರಾಕಿಯ ಪೇಟಿಯಿಂದ ಒಂದು ಸ್ಕ್ರೂ ಕಿಸೆಗೆ ಹಾಕಿಕೊಂಡ ಅಂತ ನನಗಿಂತ ಮುಂಚಿನವನನ್ನು ಅವತ್ತೇ ಮನೆಗೆ ಕಳಿಸಿದ್ದರು. ನಾನಾದರೋ ಆಗಷ್ಟೇ ಹೆಂಡತಿಯನ್ನು ಊರಿಂದ ಕರೆತಂದು ಚಾಳಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೆ. ಆ ಕೆಲಸ ಹೋದರೆ ನನ್ನ ಗತಿ ಅಷ್ಟೇ.

೧. ಪಾಟೀಲರು ಕಂಡುಹಿಡಿದ ವಿದ್ಯೆ

ಪೇಟಿಯೊಳಗೆ ಒಂದೊಂದು ಸ್ವರಕ್ಕೂ ಹಿತ್ತಾಳೆಯ ಒಂದೊಂದು ರೀಡು ಇರುತ್ತದೆ. ಅರ ಹಾಕಿ ಉಜ್ಜಿ, ಬಾಯಲ್ಲಿಟ್ಟು ಊದಿ ನೋಡಿ ಸ್ವರ ಕೂಡಿಸುವುದು ನಮ್ಮ ಕೆಲಸ. ಒಂದು ಮಧ್ಯಾಹ್ನ ಮಾಲಕರು ಊಟಕ್ಕೆ ಹೋಗಿದ್ದರು. ಮೂಲೆಯಲ್ಲಿದ್ದ ಒಂದು ಹಳೇ ರೀಡನ್ನು ಸುಮ್ಮನೆ ಊದಿದೆ. ಅದು ಕಿರ್ರೋ ಎಂದು ಒದರಿತು. ಅಂಗಡಿಯ ಬೆಕ್ಕು ಅಟ್ಟದಿಂದ ಹಾರಿ ನೇರ ನನ್ನ ತೊಡೆಯ ಮೇಲೆ ಬಿದ್ದು, ನನ್ನ ತುಟಿಗಳ ನಡುವೆ ಏನನ್ನೋ ಹುಡುಕತೊಡಗಿತು.

ಪೇಟಿ ರಿಪೇರಿಗೆ ಕೊಡಲು ಬಂದಿದ್ದ ಗಿರಾಕಿಯೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಇಂದಾಪುರದ ಹತ್ತಿರದ ಹಳ್ಳಿಯ ಪಾಟೀಲರು. ಅವರ ತಾಯಿಯ ತವರು ಅಕ್ಕಲಕೋಟೆಯ ಕಡೆ, ಹಾಗಾಗಿ ಬಾಯಲ್ಲಿ ಕನ್ನಡವಿತ್ತು.

"ಮಾಸ್ತರ, ಇದು ಖರೇ ಮೊಲ ಒದರಿದಂಗ ಅದರಿ! ನಮ್ಮ ಕಬ್ಬಿನಾಗ ಒಂದು ಕಾಡಬೆಕ್ಕ ಸೇರ್ಕೊಂಡದ. ನಮ್ಮವ್ವನ ಕೋಳಿ ಒಂದೊಂದಾಗಿ ಖಾಲಿ ಮಾಡಾಕ ಹತ್ತೇದ. ನನ್ನ ಹತ್ರ ಲೈಸನ್ಸಿನ ಬಂದೂಕ ಅದ. ನೀವು ಬಂದು ಇದನ್ನ ಊದಿ, ಮೊಲ ಅಂತ ನಂಬಿಸಿ ಅದನ್ನ ಹೊರಗ ಕರೀರಿ, ಮುಂದಿಂದು ನಾ ನೋಡ್ಕೋತೀನಿ."

ಮಾಸ್ತರ ಎಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ. ಖುಷಿಯಲ್ಲಿ ಒಪ್ಪಿಬಿಟ್ಟೆ. ನನ್ನ ಸಂಗೀತವನ್ನು ಮೊದಲು ಮೆಚ್ಚಿದ್ದು ಒಂದು ಬೆಕ್ಕು, ಎರಡನೆಯವರು ಇನ್ನೊಂದು ಬೆಕ್ಕನ್ನು ಹೊಡೆಯಬೇಕೆಂದಿದ್ದವರು.

೨. ಹಗ್ಗ ತಂದವನು

ರಜೆಯ ದಿನ ಬೆಳಿಗ್ಗೆ ಎಸ್‌ಟಿ ಬಸ್ಸು ಹಿಡಿದು ಹೋದೆ. ಪಾಟೀಲರು ಬಂದೂಕು ಹಿಡಿದು ಹೊಲದ ಬಾವಿಯ ಹಿಂದೆ ಕೂತರು, ನಾನು ಕಬ್ಬಿನ ಅಂಚಿನಲ್ಲಿ ಕೂತೆ. ಊದಿದೆ. ಐದು ನಿಮಿಷ ಬಿಟ್ಟು ಮತ್ತೆ ಊದಿದೆ. ಕಬ್ಬು ಅಲುಗಾಡಿತು. ಪಾಟೀಲರು ಬಂದೂಕು ಎತ್ತಿದರು.

ಹೊರಗೆ ಬಂದವರು ಮೂವರು ಹೆಂಗಸರು, ಒಬ್ಬ ಮುದುಕ. ಅವರ ಹಿಂದೆ ಅರ್ಧ ಊರು. "ಕೂಸು ಎಲ್ಲಿ ಬಿತ್ತು? ಯಾರ ಕೂಸು?" ಎಂದು ಎಲ್ಲರೂ ಮರಾಠಿಯಲ್ಲಿ ಒಟ್ಟಿಗೇ ಕೂಗುತ್ತಿದ್ದರು. ಆ ಹಳೇ ರೀಡು ದಪ್ಪ. ಹತ್ತಿರದಿಂದ ಮೊಲ ಅನ್ನಿಸಿದರೂ ದೂರದಿಂದ ಕೇಳಿದವರಿಗೆ ಮಗುವಿನ ಅಳು. ಕೂಸೂ ಇಲ್ಲ ಗೀಸೂ ಇಲ್ಲ ಎಂದು ಪಾಟೀಲರು ಕೈಮುಗಿದು ಹೇಳಿದರು. ಜನ ನಿಟ್ಟುಸಿರುಬಿಟ್ಟು ಬೈಯುತ್ತ ಹೊರಟರು.

ಒಬ್ಬ ಮಾತ್ರ ಹೊರಡಲಿಲ್ಲ. ಅವನು ಹೆಗಲ ಮೇಲೆ ದೊಡ್ಡ ಹಗ್ಗದ ಸುರುಳಿ ಹೊತ್ತು ಮೂರು ಹೊಲ ದಾಟಿ ಓಡಿ ಬಂದಿದ್ದ. "ಇಷ್ಟು ದೂರ ಬಂದೇನಿ, ಒಮ್ಮೆ ಇಳಿದು ನೋಡೇ ಹೋಗ್ತೀನಿ" ಎಂದು ಹಟ ಹಿಡಿದ. ನಾನೂ ಪಾಟೀಲರೂ ಬಂದೂಕು ಬದಿಗಿಟ್ಟು ಅವನನ್ನು ಬಾವಿಗೆ ಇಳಿಸಿ, ಮೇಲೆಳೆದು, ಸಮಾಧಾನ ಮಾಡಿ ಕಳಿಸಬೇಕಾಯಿತು.

೩. ತಲೆ ಯಾರದು, ಬಾಲ ಯಾರದು

ತೆಳುವಾದ ರೀಡು ಬೇಕು ಎಂಬುದು ಖಾತ್ರಿಯಾಯಿತು. ಅಂಥ ರೀಡು ಅಂಗಡಿಯಲ್ಲಿ ಒಂದೇ ಪೇಟಿಯಲ್ಲಿತ್ತು: ರಿಪೇರಿ ಮುಗಿದು, ಮಾಲಕರು ಸ್ವತಃ ಬಾರಿಸಿ ನೋಡಿ, ಬಟ್ಟೆ ಸುತ್ತಿ ಮೇಲಿಟ್ಟಿದ್ದ ಪಾಟೀಲರ ಪೇಟಿ. ಅದರದು ಹಳೇ ಜರ್ಮನ್ ರೀಡು. ಬೇಟೆಯಾದ ಮೇಲೆ ವಾಪಸು ಇಟ್ಟರಾಯಿತು ಎಂದು ಮೇಲಿನ ಸಪ್ತಕದ ಪಂಚಮವನ್ನು ಕಳಚಿ ಕಿಸೆಗೆ ಹಾಕಿಕೊಂಡೆ. ಪಾಟೀಲರ ಪೇಟಿಯ ರೀಡಿನಿಂದ ಪಾಟೀಲರ ಬೆಕ್ಕನ್ನೇ ಕರೆಯುವುದರಲ್ಲಿ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ರಜೆಯ ದಿನ ಮತ್ತೆ ಕಬ್ಬಿನ ಅಂಚಿಗೆ ಹೋಗಿ ಊದಿದೆ. ಈ ಸಲ ಬೆಕ್ಕು ಬಂತು. ಉದ್ದ ಕಾಲು, ಕಪ್ಪು ತುದಿಯ ಕಿವಿ. ಬಂದು ಹೊಲದ ಬದುವಿನ ಮೇಲೆ ಕೂತಿತು. ಬದುವಿನ ಆಚೆ ಪಾಟೀಲರ ತಮ್ಮನ ಪಾಲು. ಅಣ್ಣತಮ್ಮಂದಿರಿಗೆ ಮಾತಿಲ್ಲ. ಪಾಟೀಲರು ಗುರಿ ಹಿಡಿಯುತ್ತಿದ್ದಂತೆ ಆಚೆಯಿಂದ ತಮ್ಮ ಎದ್ದು ನಿಂತ.

"ಮಾಸ್ತರ, ಅವರಿಗೆ ಹೇಳ್ರಿ. ಬೆಕ್ಕಿನ ಬಾಲ ನನ್ನ ಕಡೆ ಅದ. ನನ್ನ ಪರವಾನಿಗಿ ಇಲ್ದ ಹೊಡೆಯಂಗಿಲ್ಲ."

"ಅವಗ ಹೇಳ್ರಿ, ತಲಿ ನನ್ನ ಕಡೆ ಅದ!"

ಇಬ್ಬರೂ ಹತ್ತು ಮಾರು ದೂರದಲ್ಲಿ ಎದುರುಬದುರು ನಿಂತಿದ್ದರೂ ನಾನು ಆಚೆಗೊಮ್ಮೆ ಈಚೆಗೊಮ್ಮೆ ಓಡಾಡಿ ಸುದ್ದಿ ಮುಟ್ಟಿಸಬೇಕು. ಬೆಕ್ಕು ನನ್ನ ಓಡಾಟವನ್ನು ತಲೆ ತಿರುಗಿಸಿ ತಿರುಗಿಸಿ ನೋಡಿತು. ಆಮೇಲೆ ಆಕಳಿಸಿ ಎದ್ದುಹೋಯಿತು.

ಸಂಜೆ ಅವರ ತಾಯಿ ಇಬ್ಬರು ಮಕ್ಕಳ ಹಿತ್ತಲಲ್ಲೂ ಇದ್ದ ತಮ್ಮ ಕೋಳಿಗೂಡು ನೋಡಿ ಬಂದರು. ಆಯಿ ಅಂತಲೇ ಊರೆಲ್ಲ ಅವರನ್ನು ಕರೆಯುವುದು. "ದೊಡ್ಡವನ ಗೂಡಿನಾಗ ಒಂದು ಕೋಳಿ ಇಲ್ಲ, ಸಣ್ಣವನ ಗೂಡಿನಾಗ ಒಂದು ಇಲ್ಲ" ಎಂದರು. ಆ ಮನೆಯಲ್ಲಿ ತಕರಾರಿಲ್ಲದೆ ಸಮಪಾಲು ಮಾಡಿದ್ದು ಆ ಬೆಕ್ಕೊಂದೇ.

೪. ಭಜನೆಗೆ ಬಂದವರು

ಒಮ್ಮೆ ಬಂದದ್ದು ಮತ್ತೆ ಬಂದೇ ಬರುತ್ತದೆ ಎಂಬ ಹುರುಪಿನಲ್ಲಿ ರೀಡನ್ನು ವಾಪಸು ಇಡಲಿಲ್ಲ. ಇನ್ನಷ್ಟು ಮೊಲದಂತೆ ಕೇಳಲಿ ಎಂದು ಅದರ ತುದಿಗೆ ಒಂದೆರಡು ಸಲ ಅರವನ್ನೂ ಹಾಕಿದೆ. ಎರಡು ದಿನ ಬಿಟ್ಟು ಬೆಳಿಗ್ಗೆ ಅಂಗಡಿಗೆ ಹೋದರೆ ಮಾಲಕರು ಹೊಸ ಧೋತರ ಉಟ್ಟು ನಿಂತಿದ್ದಾರೆ.

"ಪಾಟೀಲರ ಮನ್ಯಾಗ ಇವತ್ತ ಭಜನಿ ಅದ. ಪೇಟಿ ನಾನ ಬಾರಸ್ತೀನಿ. ನೀನೂ ನಡಿ, ಹೊರಾಕ ಒಬ್ರು ಬೇಕು."

ಅವರು ಚಹಾ ಕುಡಿದು ಬರುವಷ್ಟರಲ್ಲಿ ರೀಡನ್ನು ಅದರ ಜಾಗದಲ್ಲಿ ತುರುಕಿದೆ. ಸ್ವರ ಕೂಡಿಸಲು ಪುರುಸೊತ್ತೆಲ್ಲಿ? ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡದ್ದು ಒಂದೇ: ಇವತ್ತು ಯಾರೂ ಆ ಎತ್ತರಕ್ಕೆ ಹಾಡದಿರಲಿ.

ಸಂಜೆ ಭಜನೆ ಶುರುವಾಯಿತು. ಪಡಸಾಲೆಯ ಒಂದು ಗೋಡೆಗೆ ಪಾಟೀಲರು, ಎದುರು ಗೋಡೆಗೆ ತಮ್ಮ, ನಡುವೆ ಆಯಿ. ಮೊದಲರ್ಧ ತಾಸು ಎಲ್ಲ ಸುಸೂತ್ರ. ಆಮೇಲೆ ಹಾಡುವವರಿಗೆ ಭಕ್ತಿ ಏರಿತು. ಸ್ವರವೂ ಏರಿತು. ಮಾಲಕರು ಕಣ್ಣು ಮುಚ್ಚಿಕೊಂಡು ಮೇಲಿನ ಪಂಚಮ ಒತ್ತಿದರು.

ಕಿರ್ರೋ!

ಮಾಲಕರ ಹುಬ್ಬು ಗಂಟಾಯಿತು. ಹಾಡು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು, ಮಾಲಕರು ಮತ್ತೆ ಮತ್ತೆ ಒತ್ತಲೇಬೇಕಾಗಿತ್ತು. ಹೆಂಡತಿಗೆ ಏನು ಹೇಳಲಿ, ಊರಿಗೆ ಯಾವ ಬಸ್ಸು ಎಂದು ನಾನು ಲೆಕ್ಕ ಹಾಕುತ್ತಿರುವಾಗ ಹಿತ್ತಲ ಬಾಗಿಲಿಂದ ಕಾಡುಬೆಕ್ಕು ಒಳಗೆ ಬಂತು. ಜನರ ಸಾಲಿನ ನಡುವೆ ಹಾದು, ಪೇಟಿಯ ಮುಂದೆ ಬಾಲ ಸುತ್ತಿಕೊಂಡು ಕೂತಿತು.

ಹಾಡು ನಿಂತಿತು. ಪಾಟೀಲರು ಬಂದೂಕಿಗೆಂದು ಎದ್ದರು. ಆಯಿ ಕೈ ಎತ್ತಿದರು. "ಕೂಡು ಕೆಳಗ! ಕೋಳಿ ನನ್ನವು, ಹೋದ್ರ ಹೋಗ್ಲಿ. ಭಜನಿಗೆ ಬಂದಾವ್ರನ್ನ ಹೊಡೀತಾರೇನು?"

ಪಾಟೀಲರು ಕೂತರು. ಎದುರು ಗೋಡೆಯಿಂದ ತಮ್ಮ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ: "ಮಾಸ್ತರ, ಅವರಿಗೆ ಹೇಳ್ರಿ, ಇವತ್ತ ತಲಿ ನನ್ನ ಕಡೆ ಅದ."

ಮಾಲಕರು ಬೆಕ್ಕನ್ನು ನೋಡಿದರು. ಪೇಟಿಯನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಎಲ್ಲ ತಿಳಿದುಹೋಯಿತು ಎಂದು ಅವರ ಮುಖ ಹೇಳುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂತೆ. ಪುಣೆಯ ಅಂಚಿನ ಹಡಪಸರ ಬಂತು. ಇಳಿಯುವ ಮುಂಚೆ ತಪ್ಪಾಯಿತು ಅಂದುಬಿಡೋಣ ಎಂದು ಬಾಯಿ ತೆರೆದೆ.

"ಅರ ಎಲ್ಲಿ ಹಾಕಿದಿ?" ಎಂದರು ಮಾಲಕರು.

"ತುದಿಗೆ ರೀ."

"ಅದಕ್ಕ ಸ್ವರ ಏರೇದ. ಬುಡದಾಗ ಹಾಕಬೇಕು. ಮೊಲ ಅಷ್ಟು ಎತ್ತರ ಒದರೂದಿಲ್ಲ."

ಅವರು ಕಿಟಕಿಯ ಕಡೆ ತಿರುಗಿ, ಯಾವುದೋ ಹಳೆಯ ಕಾಲವನ್ನು ನೋಡುತ್ತ ಹೇಳಿದರು:

"ನಿನ್ನ ವಯಸ್ಸಿನಾಗ ನಾನು ಊದಿದಾಗ ಬೆಕ್ಕು ಎರಡನೇ ಸಲಕ್ಕ ಬರ್ತಿತ್ತು. ಇವತ್ತಿಂದು ಏಳು ಸಲ ಒತ್ತಿದ ಮ್ಯಾಲೆ ಬಂತು. ನಾಳೆ ಅಂಗಡಿಗೆ ಲಗೂನ ಬಾ. ನಮ್ಮ ಅಂಗಡಿ ಹೆಸರು ಕೆಡಸಬ್ಯಾಡ."