ನಾನು ತಿದ್ದಿದ ಹತ್ತು ನಿಮಿಷ

ಬೇರೆಯವರ ತಪ್ಪು ಹುಡುಕುವ ಚಟ ನನಗೆ ಹುಟ್ಟಿನಿಂದಲೇ ಬಂದದ್ದು. ಅದು ದುರ್ಗುಣವೆಂದು ಮನೆಮಂದಿಯೆಲ್ಲ ಹೇಳುತ್ತಿದ್ದರು. ಆ ದುರ್ಗುಣಕ್ಕೆ ತಿಂಗಳು ತಿಂಗಳು ಸಂಬಳ ಕೊಡುವ ಪುಣ್ಯಾತ್ಮರೊಬ್ಬರು ಮೈಸೂರಿನಲ್ಲಿ ಸಿಕ್ಕಿದ ಮೇಲೆ ಎಲ್ಲರೂ ಸುಮ್ಮನಾದರು. ಆದರೆ ಸಂಬಳ ಬರುತ್ತದೆ ಎಂದ ಮಾತ್ರಕ್ಕೆ ಗುಣವಾಗಿಬಿಡುವುದಿಲ್ಲ ಎನ್ನುವುದು ನನಗೆ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ತಿಳಿಯಿತು. ತಿಳಿಸಿದವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಸೋದರತ್ತೆ ಚಿಕ್ಕತಾಯಮ್ಮನವರು.

ಎರಡನೆಯ ಮಹಾಯುದ್ಧದ ಆ ಕಾಲದಲ್ಲಿ ನಮ್ಮ ಹೆಗ್ಗಡದೇವನಕೋಟೆ ಕಡೆ ಬಿ.ಎಸ್ಸಿ. ಎಂದರೆ ಏನು, ಅದನ್ನು ಎಲ್ಲಿಗೆ ಹಚ್ಚಿಕೊಳ್ಳಬೇಕು ಎಂದು ಜನಕ್ಕೆ ಗೊತ್ತಿರಲಿಲ್ಲ. ಓದಿದವನು ಅಮಲ್ದಾರನಾಗಬೇಕು, ಇಲ್ಲವೇ ಮೇಷ್ಟರಾಗಬೇಕು, ಅದೂ ಅಲ್ಲದಿದ್ದರೆ ಡಾಕ್ಟರು. ನಾನು ರಸಾಯನಶಾಸ್ತ್ರ ಓದಿ ಊರಿಗೆ ಬಂದ ವಾರವೇ ಪಕ್ಕದ ಮನೆಯವರು ಗೊರಸು ಕೊಳೆತ ಎಮ್ಮೆಯೊಂದನ್ನು ಹಿಡಿದುಕೊಂಡು ಬಂದು, "ಔಸ್ದಿ ಓದೀಯಂತಲ್ಲಪ್ಪ, ಇದ್ರ ಕಾಲ ವಸಿ ನೋಡು" ಎಂದರು. ನನಗೆ ಗಂಧಕಾಮ್ಲದ ಗುಣಗಳು ಗೊತ್ತಿದ್ದವು, ಎಮ್ಮೆಯ ಗುಣ ಗೊತ್ತಿರಲಿಲ್ಲ. ಅದು ಒದ್ದ ಒದೆತದಿಂದ ಮೂರು ದಿನ ಕುಂಟಿದೆ. ಎಮ್ಮೆ ತಾನಾಗಿಯೇ ವಾಸಿಯಾಯಿತು.

ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸ ಖಾಲಿ ಇದೆಯೆಂದು ಅರ್ಜಿ ಹಿಡಿದು ಮೈಸೂರಿಗೆ ಹೋದೆ. ಅದು ಹಿಂದಿನ ದಿನವೇ ಭರ್ತಿಯಾಗಿತ್ತು. ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ, ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡಿದ್ದ, ಪೇಟ ಸ್ವಲ್ಪ ವಾರೆಯಾಗಿದ್ದ ಮುದುಕರೊಬ್ಬರು ನನ್ನನ್ನು ನಿಲ್ಲಿಸಿ ಅಚ್ಚಾದ ಹಾಳೆಯೊಂದನ್ನು ಕೈಗಿತ್ತರು. "ಇದರಲ್ಲಿ ಏನಾದರೂ ತಪ್ಪಿದೆಯೇ ನೋಡಿ ಹೇಳುತ್ತೀರಾ?" ಎಂದರು. ಕೆಲಸ ಸಿಗದ ಸಿಟ್ಟು ಒಳಗೆ ಕುದಿಯುತ್ತಿತ್ತು. ಆ ಸಿಟ್ಟನ್ನೆಲ್ಲ ಆ ಹಾಳೆಯ ಮೇಲೆ ತೀರಿಸಿಕೊಂಡೆ. ಸಮೀಕರಣದಲ್ಲಿ ಬಿಟ್ಟುಹೋಗಿದ್ದ ಆಮ್ಲಜನಕ, ತಲೆಕೆಳಗಾಗಿದ್ದ ಅಕ್ಷರ, ಎರಡು ಸಲ ಬಂದಿದ್ದ ಸಾಲು, ಒಂದನ್ನೂ ಬಿಡಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, "ನಾಳೆಯಿಂದ ಬನ್ನಿ" ಎಂದರು. ನಿವೃತ್ತ ಪ್ರೊಫೆಸರಾದ ಅವರು ಮೂರು ತಿಂಗಳಿಗೊಮ್ಮೆ ಹೊರಡುವ ವಿಜ್ಞಾನ ಪತ್ರಿಕೆಯೊಂದರ ಸಂಪಾದಕರು ಎಂಬುದು ಆಮೇಲೆ ಗೊತ್ತಾಯಿತು.

ಪತ್ರಿಕೆ ಇಂಗ್ಲಿಷಿನದು. ಕೊನೆಯ ನಾಲ್ಕು ಪುಟ ಮಾತ್ರ ಕನ್ನಡ. ಬೇಸಾಯಕ್ಕೆ ಸಂಬಂಧಪಟ್ಟ ಸಂಶೋಧನೆಗಳ ಸಾರವನ್ನು ರೈತರಿಗೆಂದು ಅಲ್ಲಿ ಹಾಕುತ್ತಿದ್ದರು. ವಿಜ್ಞಾನ ಓದಿದವನಿಗೆ ಇಂಥದೊಂದು ಉದ್ಯೋಗ ಲೋಕದಲ್ಲಿದೆ ಎಂದು ನನಗೆ ಯಾವ ಮೇಷ್ಟರೂ ಹೇಳಿರಲಿಲ್ಲ. ಲೇಖನ ಬಂದರೆ ಅದನ್ನು ಬಲ್ಲ ಇನ್ನೊಬ್ಬ ವಿದ್ವಾಂಸರಿಗೆ ಕಳಿಸಿ ಅಭಿಪ್ರಾಯ ತರಿಸಬೇಕು. ಅಭಿಪ್ರಾಯದಲ್ಲಿರುವ ಬೈಗುಳವನ್ನು ಸೋಸಿ ಲೇಖಕರಿಗೆ ತಿಳಿಸಬೇಕು. ಕೋಷ್ಟಕಗಳನ್ನು ಕೂಡಿ ಕಳೆದು ನೋಡಬೇಕು, ಪ್ರೂಫು ತಿದ್ದಬೇಕು. ಸಂಪಾದಕರು ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಅಕ್ಷರದ ತಪ್ಪನ್ನು ನೀವೇ ತಿದ್ದಿ. ವಿಷಯದಲ್ಲಿ ಅನುಮಾನ ಬಂದರೆ ಲೇಖಕರಿಗೆ ಒಂದು ಕಾರ್ಡು ಬರೆದು ಕೇಳಿ." ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಆ ಬೇಸಗೆಯ ಸಂಚಿಕೆಗೆ ಜೋಳದ ಕಾಡಿಗೆ ರೋಗದ ಮೇಲೊಂದು ಲೇಖನ ಬಂತು. ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿಕೊಳ್ಳುವ ರೋಗ ಅದು. ನಮ್ಮ ಕಡೆಯ ರೈತರಿಗೆಲ್ಲ ಅದರ ಪರಿಚಯ ಚೆನ್ನಾಗಿತ್ತು. ಬಿತ್ತುವ ಮುಂಚೆ ಬೀಜವನ್ನು ಮೈಲುತುತ್ತದ ನೀಲಿ ಹರಳು ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ನೆರಳಿನಲ್ಲಿ ಆರಿಸಬೇಕು ಎಂದು ಲೇಖಕರು ಬರೆದಿದ್ದರು. ಕನ್ನಡದ ಪ್ರೂಫು ನನ್ನ ಮುಂದೆ ಬಂದಾಗ ನಾನು 'ಹತ್ತು ನಿಮಿಷ'ದ ಹತ್ತಿರ ನಿಂತೆ. ನಮ್ಮವ್ವ ಹುರುಳಿಕಾಳನ್ನು ಮೊಳಕೆ ಕಟ್ಟಲು ಸಂಜೆ ನೆನೆಹಾಕಿದರೆ ಬೆಳಿಗ್ಗೆ ಬಸಿಯುತ್ತಿದ್ದಳು. ಹತ್ತು ನಿಮಿಷದಲ್ಲಿ ಕಾಳಿನ ಸಿಪ್ಪೆಯೂ ಒದ್ದೆಯಾಗುವುದಿಲ್ಲ! ಬೂಟು ಹಾಕಿಕೊಂಡು ಬೇಸಾಯ ಕಲಿತ ಪೇಟೆಯ ಪಂಡಿತರಿಗೆ ಕಾಳು ನೆನೆಯುವ ಮರ್ಮ ಏನು ಗೊತ್ತು? ರೈತನ ಮಗ ನಾನು ಇರುವುದಾದರೂ ಏತಕ್ಕೆ? ಕೆಂಪು ಶಾಯಿಯಲ್ಲಿ 'ನಿಮಿಷ' ಹೊಡೆದು 'ಗಂಟೆ' ಎಂದು ಬರೆದೆ. ಲೇಖಕರಿಗೆ ಕಾರ್ಡು ಬರೆಯಲಿಲ್ಲ. ಪಾಪ, ಅವರಿಗೆ ನಾಚಿಕೆಯಾಗಬಾರದಲ್ಲ.

ಸಂಚಿಕೆ ಹೊರಬಿದ್ದ ದಿನವೇ ಒಂದು ಪ್ರತಿಯನ್ನು ನಮ್ಮ ಸೋದರಮಾವ ಮಾದೇಗೌಡರಿಗೆ ಅಂಚೆಯಲ್ಲಿ ಕಳಿಸಿದೆ. ಮಾವ ಒಳ್ಳೆಯ ಜೋಳದ ಬೆಳೆಗಾರರು. ನನ್ನನ್ನು ಓದಿಸಿದವರೂ ಅವರೇ. ನಾನು ಮಾಡುವ ಕೆಲಸ ಎಂಥದೆಂದು ಅವರಿಗೆ ಎಷ್ಟು ಹೇಳಿದರೂ ತಿಳಿದಿರಲಿಲ್ಲ. ಇನ್ನು ಕಣ್ಣಾರೆ ನೋಡಲಿ ಎಂದು, "ಜೋಳದ ಲೇಖನವನ್ನು ನಾನೇ ತಿದ್ದಿದ್ದೇನೆ, ಅದರಲ್ಲಿರುವಂತೆಯೇ ತಪ್ಪದೆ ಮಾಡುವುದು" ಎಂಬ ಒಕ್ಕಣೆಯನ್ನೂ ಜೊತೆಗಿಟ್ಟೆ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸಂಪಾದಕರು ಕಾಗದವೊಂದನ್ನು ಹಿಡಿದುಕೊಂಡು ಅಚ್ಚುಮೊಳೆ ಜೋಡಿಸುವ ಕೋಣೆಗೆ ಬಂದರು. ಜೋಳದ ಲೇಖಕರ ಕಾಗದ. ಹತ್ತು ಗಂಟೆ ಮೈಲುತುತ್ತದ ನೀರಿನಲ್ಲಿ ಬಿದ್ದ ಬೀಜ ಸತ್ತೇ ಹೋಗುತ್ತದೆ, ನಿಮ್ಮನ್ನು ನಂಬಿದ ರೈತನಿಗೆ ಒಂದು ಪೈರೂ ಏಳುವುದಿಲ್ಲ ಎಂದು ಬರೆದಿದ್ದರು. ಸಂಪಾದಕರು ಮೊಳೆ ಜೋಡಿಸುವ ನಂಜುಂಡಾಚಾರ್ಯರ ಕಡೆ ತಿರುಗಿ, "ಏನು ಆಚಾರ್ರೇ, ನಿಮಿಷ ಹೋಗಿ ಗಂಟೆ ಹೇಗಾಯಿತು?" ಎಂದರು.

"ಪ್ರೂಫಿನಲ್ಲಿ ಇದ್ದ ಹಾಗೇ ಜೋಡಿಸಿದ್ದೀನಿ ಸ್ವಾಮಿ" ಎಂದರು ಆಚಾರ್ಯರು.

"ಆ ಪ್ರೂಫು ಎಲ್ಲಿ?"

"ಹುಡುಕಬೇಕು."

ಆಚಾರ್ಯರು ನನ್ನ ಕಡೆ ಒಂದು ಸಲ ನೋಡಿ ಮತ್ತೆ ಮೊಳೆಗಳ ಕಡೆ ಬಗ್ಗಿದರು. ನಾನು ಬಾಯಿ ಬಿಡಬೇಕಾದ ಗಳಿಗೆ ಅದೇ. ಬಾಯಿ ಬಿಟ್ಟೆ. ಅದರಿಂದ ಹೊರಬಂದ ಮಾತು, "ಸಾರ್, ನಮ್ಮ ಮಾವನಿಗೆ ಹುಷಾರಿಲ್ಲ, ಎರಡು ದಿನ ರಜ ಬೇಕು" ಎಂಬುದು. ಸಂಪಾದಕರು ಮರುಕದಿಂದ, "ಹೋಗಿ ಬನ್ನಿ" ಎಂದರು. ಆ ಮರುಕ ನನ್ನ ಬೆನ್ನಿಗೆ ಚೇಳಿನ ಹಾಗೆ ಅಂಟಿಕೊಂಡು ಬಂತು.

ಪೆಟ್ರೋಲಿಲ್ಲದ ಕಾಲ. ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡಬೇಕಾಗಿತ್ತು. ಏರು ಬಂದಲ್ಲೆಲ್ಲ ಪ್ರಯಾಣಿಕರು ಇಳಿದು ನೂಕುತ್ತಿದ್ದೆವು. ಬೇರೆಯವರು ಬೈಯುತ್ತ ನೂಕಿದರೆ ನಾನು ಪ್ರಾಯಶ್ಚಿತ್ತವೆಂದುಕೊಂಡು ನೂಕಿದೆ. ನನ್ನ ಹುರುಪು ಕಂಡು ಪಕ್ಕದಲ್ಲಿ ನೂಕುತ್ತಿದ್ದ ಗೌಡರೊಬ್ಬರು ಕೇಳಿದರು:

"ಏನ್ ಕೆಲ್ಸ ಸ್ವಾಮಿ ತಮ್ದು?"

"ಬೇರೆಯವರು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದುವುದು."

"ಅಂಗಾರೆ ಮೇಷ್ಟ್ರು."

"ಅಲ್ಲ. ಬರೆಯುವವರು ನನಗಿಂತ ಜಾಸ್ತಿ ಓದಿದವರು."

ಅವರು ನೂಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಅಂಗಾದ್ರೆ ನೀವ್ ತಿದ್ದೋದ್ನ ತಿದ್ದೋರ್ ಯಾರು?"

ಬಸ್ಸು ಹೊರಟಿತು. ಉತ್ತರ ಹೇಳುವುದು ತಪ್ಪಿದ್ದಕ್ಕೆ ಇದ್ದಿಲಿಗೆ ವಂದನೆ ಹೇಳಿ ಹತ್ತಿಕೊಂಡೆ.

ಹ್ಯಾಂಡ್‌ಪೋಸ್ಟಿನಲ್ಲಿ ಇಳಿದಾಗ ಮಧ್ಯಾಹ್ನ. ಅಲ್ಲಿಂದ ಮಾವನ ಊರಿಗೆ ಅರ್ಧ ಓಡಿದೆ, ಅರ್ಧ ನಡೆದೆ. ದಾರಿಯ ಎರಡೂ ಕಡೆ ಹೊಲಗಳು ಮಳೆ ಕಂಡು ಹದವಾಗಿದ್ದವು. ಮಾವ ಆಗಲೇ ಬಿತ್ತಿಬಿಟ್ಟಿದ್ದರೆ ಎಂದು ಇನ್ನೂ ಬಿರುಸಾಗಿ ಕಾಲು ಹಾಕಿದೆ. ಮಾವ ಹಟ್ಟಿಯ ಮುಂದೆ ಎತ್ತುಗಳಿಗೆ ನೀರು ತೋರಿಸುತ್ತಿದ್ದರು.

"ಏನ್ಲಾ ಜವರ, ಏಳ್ದೆ ಕೇಳ್ದೆ ಬಂದ್‌ಬುಟ್ಟೆ?"

"ಮಾವ, ಜೋಳ?"

"ಬಿತ್ತಾಯ್ತು ಕಣ್ಲಾ. ಮೂರ್ ದಿನಾಯ್ತು. ನೀನ್ ಕಳ್ಸಿದ್ ಪುಸ್ತಕ ಓದ್ಕಂಡು, ಕ್ವಾಟೆಯಿಂದ ಮೈಲುತುತ್ತ ತಂದು, ಅದ್ರಲ್ಲೇ ನೆನ್ಸಿ ಬಿತ್ತುದೊ."

ನಾನು ಅಲ್ಲಿಯೇ ಇದ್ದ ಕಲ್ಲಿನ ಮೇಲೆ ಕುಳಿತೆ. ಮಾವನ ಹೊಲ ನನಗೆ ಗೊತ್ತು. ಅದರ ಜೋಳವೇ ಮುಂದಿನ ವರ್ಷದ ರೊಟ್ಟಿ, ಎತ್ತಿನ ಮೇವು, ಎಲ್ಲ. ಇಟ್ಟುಕೊಂಡಿದ್ದ ಬಿತ್ತನೆ ಬೀಜ ಅಷ್ಟೂ ಮುಗಿದಿರುತ್ತದೆ. "ಎಷ್ಟೊತ್ತು ನೆನೆಸಿದ್ರಿ ಮಾವ?" ಎಂದು ಕೇಳಿದೆ.

"ಅದ್ನ ನಿಮ್ಮತ್ತೆ ಕೇಳು. ಬೀಜದ ಕಾರುಬಾರು ಅವ್ಳ್ದು."

ಅತ್ತೆ ಒಳಗಿನಿಂದ ಬಂದರು. ನನ್ನ ಮುಖ ನೋಡಿ ಏನೂ ಕೇಳದೆ ಹಿತ್ತಲಿಗೆ ಹೋಗಿ, ಮೂರು ಮಡಕೆಚೂರುಗಳನ್ನು ತಂದು ಜಗಲಿಯ ಮೇಲೆ ಸಾಲಾಗಿಟ್ಟರು. ಒಂದೊಂದರಲ್ಲೂ ಒದ್ದೆ ಗೋಣಿಯ ತುಂಡು, ಅದರ ಮೇಲೆ ಒಂದು ಹಿಡಿ ಜೋಳ.

"ನೋಡು. ಇದು ಬರೀ ನೀರ್ಗಾಕಿದ್ದು. ಇದು ಮೈಲುತುತ್ತುದ್ ನೀರ್ಗೆ ಅದ್ದಿ, ಒಂದ್ ಎಲಡ್ಕೆ ಆಕ್ಕೊಳೋ ಒತ್ತು ಬುಟ್ಟು ತಗ್ದಿದ್ದು. ಇದು ನೀನ್ ಏಳಿದ್ದಂಗೆ, ಬೆಳಗಿಂದ ಬೈಗಿನ್ ಗಂಟ ನೆನ್ಸಿದ್ದು."

ಮೊದಲ ಎರಡರಲ್ಲಿ ಮೊಳಕೆ ಹುಲ್ಲಿನ ಹಾಗೆ ಎದ್ದು ನಿಂತಿತ್ತು. ಮೂರನೆಯದರಲ್ಲಿ ಕಾಳುಗಳು ನೀಲಿ ತಿರುಗಿ, ಒಂದೇ ಒಂದು ಮೊಳಕೆಯೂ ಇಲ್ಲದೆ ಬಿದ್ದಿದ್ದವು.

"ಹಾಗಾದ್ರೆ ಹೊಲಕ್ಕೆ ಯಾವುದನ್ನ ಹಾಕಿದ್ರಿ?" ಎಂದೆ.

"ಅದ್ದಿ ತಗ್ದಿದ್ನೇ ಬಿತ್ತಿದ್ದು. ಇನ್ನೇನ್ ಸತ್ತೋಗಿರೋದ್ನ ಬಿತ್ತಾರಾ?"

ನನ್ನ ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅತ್ತೆ ಹಸಿವೆಂದುಕೊಂಡು ಮುದ್ದೆ ಬಡಿಸಿದರು. ಎರಡು ಮುದ್ದೆ ಉಂಡು ಮೂರನೆಯದಕ್ಕೆ ಕೈ ಹಾಕಿದ್ದೆ, ಆಗ ಮಾವ ಹೇಳಿದರು: "ಅಚ್ಚಾಕೋನು ತಪ್ ಮಾಡವ್ನೆ ಅಂತ ಕಾಣ್ತದೆ. ಓಗಿ ಬುದ್ದಿ ಏಳು ಅವನ್ಗೆ. ಎಲ್ಲಾರ್ ಮನೇಲೂ ನಿಮ್ಮತ್ತೆ ಇರಾಕಿಲ್ಲ."

ಮೂರನೆಯ ಮುದ್ದೆಯಿಂದ ಕೈ ತೆಗೆದೆ. ಅಚ್ಚುಮೊಳೆಗಳ ಮೇಲೆ ಬಗ್ಗಿದ್ದ ಆಚಾರ್ಯರ ಬೆನ್ನು ಕಣ್ಣ ಮುಂದೆ ಬಂತು. "ಅಚ್ಚು ಹಾಕೋರ್ದು ತಪ್ಪಿಲ್ಲ ಮಾವ. ನಿಮಿಷ ಅಂತ ಸರಿಯಾಗೇ ಇತ್ತು. ಗಂಟೆ ಅಂತ ತಿದ್ದಿದ್ದು ನಾನೇ" ಎಂದೆ.

ಮಾವ ಮೀಸೆಯ ಮೇಲೆ ಕೈ ಇಟ್ಟುಕೊಂಡು ಅತ್ತೆಯ ಕಡೆ ನೋಡಿದರು. ಅತ್ತೆ ಮಾತ್ರ ಒಂದಿಷ್ಟೂ ಆಶ್ಚರ್ಯಪಡದೆ ಸಾರು ಹಾಕುತ್ತ, "ನಂಗೊತ್ತಿತ್ತು ಕಣ. ಸಣ್ಣೋನಾಗಿದ್ದಾಗ ಅಂಗ್ಡಿಯಿಂದ ಉಪ್ ತತ್ತಾ ಅಂದ್ರೆ ಸುಣ್ಣ ತಂದೋನು ನೀನು. ನಾನೇ ತಿದ್ದಿವ್ನಿ ಅಂತ ಬರ್ದಿದ್ದ್ಯಲ್ಲ, ಅದ್ನ ನಿಮ್ ಮಾವ ಓದುತ್ಲೂವೆ ಒಂದಿಡಿ ಆಕಿ ನೋಡಾದ ಅಂದೆ" ಎಂದರು.

ಮಾರನೆಯ ದಿನವೇ ಮೈಸೂರಿಗೆ ಹಿಂದಿರುಗಿದೆ. ನೇರವಾಗಿ ಸಂಪಾದಕರ ಮುಂದೆ ನಿಂತು, ಕೆಂಪು ಶಾಯಿಯಿಂದ ಹಿಡಿದು ಮಾವನ ಸುಳ್ಳು ಕಾಯಿಲೆಯವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಆಚಾರ್ಯರನ್ನು ಕೂಗಿದರು. ಆಚಾರ್ಯರು ಬಂದು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯಾಗಿದ್ದ ಪ್ರೂಫನ್ನು ತೆಗೆದು ಮೇಜಿನ ಮೇಲಿಟ್ಟರು. ನಾನು ರಜ ಕೇಳಿ ಹೊರಟ ದಿನವೇ ಅದು ಅವರಿಗೆ ಸಿಕ್ಕಿತ್ತು.

"ಮೊದಲೇ ಯಾಕೆ ತೋರಿಸಲಿಲ್ಲ ಆಚಾರ್ರೇ?"

"ಇವರೇ ಬಂದು ಹೇಳ್ತಾರೆ ಅಂತ ಕಾದೆ ಸ್ವಾಮಿ. ಇವತ್ತು ಬರದಿದ್ದರೆ ನಾಳೆ ತೋರಿಸ್ತಿದ್ದೆ."

ನಾನು ತಲೆ ತಗ್ಗಿಸಿ, ಕೆಲಸ ಹೋಯಿತೆಂದುಕೊಂಡು ನಿಂತಿದ್ದೆ. ಆದರೆ ಸಂಪಾದಕರ ಮನಸ್ಸು ಬೇರೆಲ್ಲೋ ಇತ್ತು. "ನಿಮ್ಮ ಅತ್ತೆ ಬರೀ ನೀರಿನದೂ ಒಂದು ಹಿಡಿ ಇಟ್ಟಿದ್ದರೇ?" ಎಂದು ಕೇಳಿದರು.

"ಇಟ್ಟಿದ್ದರು ಸಾರ್."

"ಹೋಲಿಸಿ ನೋಡುವುದಕ್ಕೆ!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಈ ಪತ್ರಿಕೆಗೆ ಬರುವ ಲೇಖನಗಳಲ್ಲಿ ಅರ್ಧಕ್ಕೆ ಅದೇ ಇರುವುದಿಲ್ಲ, ಗೊತ್ತೇ? ಅವರು ಎಲ್ಲಿಯವರೆಗೆ ಓದಿದ್ದಾರೆ?"

"ಓದು ಬರೆಹ ಬರುವುದಿಲ್ಲ ಸಾರ್."

ಅವರು ನಿಧಾನವಾಗಿ ಕುಳಿತುಕೊಂಡರು. "ನಿಮ್ಮನ್ನು ತೆಗೆದುಹಾಕಿದರೆ ಇನ್ನೊಬ್ಬ ಬಿ.ಎಸ್ಸಿ.ಯನ್ನು ತರಬೇಕು. ಅವನು ಈ ತಪ್ಪನ್ನು ಮೊದಲಿನಿಂದ ಮಾಡಿ ಕಲಿಯಬೇಕು. ನೀವು ಹೇಗೂ ಮಾಡಿ ಮುಗಿಸಿದ್ದೀರಿ. ಕೂತು ಕಾರ್ಡುಗಳನ್ನು ಬರೆಯಿರಿ."

ಅಂದಿನಿಂದ ಎರಡು ದಿನ, ಒಬ್ಬ ಚಂದಾದಾರರನ್ನೂ ಬಿಡದೆ ನನ್ನ ಕೈಯಾರೆ ಕಾರ್ಡು ಬರೆದೆ. ನಮಗೆ ಚಂದಾದಾರರು ಬಹಳ ಕಡಿಮೆಯೆಂದು ಅಲ್ಲಿಯವರೆಗೆ ಕೊರಗುತ್ತಿದ್ದವನು ಆ ಎರಡು ದಿನ ದೇವರಿಗೆ ಕೈಮುಗಿದೆ. ಉತ್ತರಗಳೂ ಬಂದವು. ಹೆಚ್ಚಿನವರು ಪ್ರೊಫೆಸರುಗಳು, ತಮಗೆ ಹೊಲವೇ ಇಲ್ಲವೆಂದು ತಿಳಿಸಿದ್ದರು. ಪಿರಿಯಾಪಟ್ಟಣದ ರೈತರೊಬ್ಬರು ಮೈಲುತುತ್ತ ಸಿಗಲಿಲ್ಲವಾದ್ದರಿಂದ ಹಾಗೆಯೇ ಬಿತ್ತಿದೆವೆಂದು ಬರೆದಿದ್ದರು. ಚುಂಚನಕಟ್ಟೆಯ ಒಬ್ಬರು ತಾವು ಬೆಳೆಯುವುದು ಬತ್ತವೆಂದೂ ಆದರೂ ಕಾರ್ಡು ಬಂದದ್ದಕ್ಕೆ ಸಂತೋಷವೆಂದೂ ಬರೆದಿದ್ದರು. ಅತ್ತೆಯ ಮಡಕೆಚೂರಿನದು ಬಿಟ್ಟರೆ ಒಂದು ಕಾಳೂ ಸತ್ತಿರಲಿಲ್ಲ. ಕೊನೆಯ ಉತ್ತರ ಓದಿ ಮುಗಿಸಿದ ದಿನ ನಾನು ಬಹಳ ವಾರಗಳ ಮೇಲೆ ನೆಟ್ಟಗೆ ನಿದ್ದೆ ಮಾಡಿದೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಅಚ್ಚಾಯಿತು. ಅದರ ಕೆಳಗೆ ಸಂಪಾದಕರು ತಾವೇ ಎರಡು ಸಾಲು ಸೇರಿಸಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಶ್ರೀಮತಿ ಚಿಕ್ಕತಾಯಮ್ಮನವರು ಮೂರು ಬಗೆಯಾಗಿ ಪ್ರಯೋಗ ಮಾಡಿ ಇದನ್ನು ಖಚಿತಪಡಿಸಿದ್ದಾರೆಂದು, ಪ್ರೊಫೆಸರುಗಳ ಹೆಸರು ಹಾಕುವ ದಪ್ಪ ಅಕ್ಷರದಲ್ಲೇ ಹಾಕಿಸಿದರು. ನನ್ನ ಹೆಸರು ಎಂದಿನಂತೆ ಕೊನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿತ್ತು.

ಆ ಪ್ರತಿಯನ್ನು ನಾನೇ ಊರಿಗೆ ಒಯ್ದೆ. ಮಾವ ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದಿದರು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಮಾವ ತೋರಿಸಿದ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, "ಒಂದೊಂದ್ ಅಕ್ಸರಾನೂ ಸರಿಯಾಗಿ ನೋಡಿ" ಎಂದು ಮಾವನಿಗೆ ಹೇಳಿದರು. ಮಾವ ಒಂದೊಂದಾಗಿ ಓದಿ, ಸರಿಯಾಗಿದೆ ಎಂದರು.

"ಯಾರ್ಲಾ ತಿದ್ದಿದ್ದು?"

"ನಾನೇ ಅತ್ತೆ."

ಅತ್ತೆ ನನ್ನ ಮುಖ ನೋಡಿ, "ನೀನಲ್ಲ ಬುಡು" ಎಂದು ಒಳಗೆ ಹೋದರು.

ಅತ್ತೆ ಹೇಳಿದ್ದು ಸರಿ. ತಿದ್ದುಪಡಿಯ ಪ್ರೂಫನ್ನು ಮೂರು ಸಲ ಓದಿ, ಸರಿಯಿದೆಯೆಂದು ಸಹಿ ಹಾಕಿದ್ದವನು ನಾನೇ ನಿಜ. ಆದರೆ ಅದರಲ್ಲಿ 'ಚಿಕ್ಕತಾಯಮ್ಮ' ಹೋಗಿ 'ಚಿಕ್ಕಾಯಮ್ಮ' ಎಂದಾಗಿದ್ದುದನ್ನು ಕಂಡು, ಅಚ್ಚಿಗೆ ಹೋಗುವ ಮುಂಚೆ ತಪ್ಪಿಹೋಗಿದ್ದ 'ತ'ಕಾರವನ್ನು ಸದ್ದಿಲ್ಲದೆ ಸೇರಿಸಿದವರು ನಂಜುಂಡಾಚಾರ್ಯರು.