ಒಬ್ಬಳೇ ನಡೆಸಿದ ಸಭೆ

ದೆವ್ವ ಭೂತ ಅಂದರೆ ನಗುವವಳು ನಾನು. ಹಾಗಂತ ಹೇಳಿಕೊಂಡು ತಿರುಗುವುದರಿಂದಲೋ ಏನೋ, ಮೈ ಜುಮ್ಮೆನ್ನಿಸುವ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಓಲ್ಡ್ ಬ್ರಿಡ್ಜ್ ಅನ್ನುವ ಊರಿನಿಂದ ದಿನಾ ಡ್ರೈವ್ ಮಾಡಿಕೊಂಡು ಹೋಗಿ, ಒಂದು ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿ ಸಂಘಗಳಿಗೆ ರೂಮು ಬುಕ್ ಮಾಡಿಕೊಡುವುದು ನನ್ನ ಕೆಲಸ. “ಅದರಲ್ಲಿ ಹೆದರೋದಕ್ಕೆ ಏನಿದೆ?” ಅನ್ನುತ್ತಾರೆ ನಮ್ಮ ಮನೆಯವರು. ಒಂದು ಬುಧವಾರ ಬಂದು ಕೂತು ನೋಡಲಿ, ಗೊತ್ತಾಗುತ್ತದೆ.

೧. ಬಾಗಿಲಾಚೆಯ ದನಿ

ನಮ್ಮಲ್ಲೊಂದು ಸೊರಾರಿಟಿ ಇದೆ. ಅಂದರೆ ಹುಡುಗಿಯರ ಸಂಘ. ಒಮ್ಮೆ ಸೇರಿದರೆ ಸಾಯುವವರೆಗೂ ಅಕ್ಕತಂಗಿಯರು. ಬೇರೆ ಸಂಘಗಳು ಕಪ್ಪು ಹುಡುಗಿಯರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಕಾಲದಲ್ಲಿ ಅವರೇ ಕಟ್ಟಿಕೊಂಡದ್ದು. ಅದರ ಶಾಖೆಗಳು ಎಷ್ಟೋ ಕಾಲೇಜುಗಳಲ್ಲಿವೆ, ಚಾಪ್ಟರ್ ಅನ್ನುತ್ತಾರೆ.

ಪ್ರತಿ ಬುಧವಾರ ಸಂಜೆ ನಾಲ್ಕೂವರೆಗೆ ನೆಲಮಾಳಿಗೆಯ ಕಿಟಕಿಯಿಲ್ಲದ ರೂಮು ಈ ಚಾಪ್ಟರಿಗೆ. ಮೂವತ್ತು ಕುರ್ಚಿ. ಸೆಪ್ಟೆಂಬರಿನಲ್ಲಿ ಒಂದು ದಿನ ಪ್ರೊಜೆಕ್ಟರ್ ನೋಡಲು ಹೋದೆ. ಒಳಗಿನಿಂದ ದನಿ ಕೇಳಿಸಿತು.

“ಹೋದ ವಾರದ ನಡಾವಳಿಗೆ ಒಪ್ಪಿಗೆ ಇರೋರು?”

“ಒಪ್ಪಿಗೆ.” ಅದೇ ದನಿ.

“ವಿರೋಧ ಇರೋರು?”

ಯಾರೂ ಮಾತಾಡಲಿಲ್ಲ. ಆ ಮೌನ ಎಷ್ಟು ಹೊತ್ತು ಇತ್ತೆಂದರೆ, ಒಳಗೆ ಯಾರೋ ಯೋಚನೆ ಮಾಡುತ್ತಿದ್ದಾರೆ ಅನ್ನಿಸಿತು. ಬಾಗಿಲು ತಳ್ಳಿದೆ. ಒಬ್ಬಳೇ ಹುಡುಗಿ ಎದುರಿಗೆ ನಿಂತು, ಖಾಲಿ ಕುರ್ಚಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

“ಮ್ಯಾಮ್, ಸಭೆ ನಡೀತಾ ಇದೆ. ಮೆಂಬರ್ಸ್ ಮಾತ್ರ ಇರಬೇಕು,” ಅಂದಳು, ಬಹಳ ಮರ್ಯಾದೆಯಿಂದ.

ನಾನು ಮೂವತ್ತು ಖಾಲಿ ಕುರ್ಚಿಗಳಿಗೂ “ಸಾರಿ” ಹೇಳಿ ಬಾಗಿಲು ಎಳೆದುಕೊಂಡು ಬಂದೆ.

೨. ಒಂದೇ ಕುರ್ಚಿ

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಉಳಿದ ನಾಲ್ವರೂ ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿ ಹೋಗಿದ್ದರು. ಈಗ ಅಧ್ಯಕ್ಷೆ, ಕಾರ್ಯದರ್ಶಿ, ಸಭಿಕರು ಎಲ್ಲ ಇವಳೊಬ್ಬಳೇ. ಇವಳದೂ ಕೊನೆಯ ವರ್ಷ. ಏಪ್ರಿಲ್ ಮುಗಿಯುವುದರೊಳಗೆ ಇಬ್ಬರಾದರೂ ವಿದ್ಯಾರ್ಥಿ ಸದಸ್ಯರನ್ನು ತೋರಿಸದಿದ್ದರೆ ಚಾಪ್ಟರ್ ಮುಚ್ಚುತ್ತೇವೆ ಅಂತ ನಮ್ಮ ಆಫೀಸಿನಿಂದಲೇ ಕಾಗದ ಹೋಗಿತ್ತು.

“ನನ್ನ ಕೈಯಲ್ಲಿ ಮುಚ್ಚಿಹೋಯ್ತು ಅಂತ ಆಗಬಾರದು ಮ್ಯಾಮ್. ಅದಕ್ಕೇ ಒಂದು ವಾರಾನೂ ಸಭೆ ತಪ್ಪಿಸಲ್ಲ,” ಅಂದಳು.

ಮುಂದಿನ ಬುಧವಾರ, ಅಷ್ಟೊಂದು ಖಾಲಿ ಕುರ್ಚಿ ನೋಡಿ ಅವಳಿಗೆ ಬೇಜಾರಾಗುವುದು ಬೇಡ ಅಂತ ಒಂದೇ ಒಂದು ಹಾಕಿಸಿದೆ. ಅವಳು ಸೀದಾ ನನ್ನ ಕೌಂಟರಿಗೆ ಬಂದಳು.

“ಮಿಕ್ಕವರೆಲ್ಲ ನಿಂತಿರಬೇಕಾ?”

ಕೇಳಿದ ರೀತಿಗೆ, ನಾನು ಅವಳ ಬೆನ್ನ ಹಿಂದೆ ಇಣುಕಿ ನೋಡಿದೆ.

೩. ನಾಲ್ಕನೆಯವಳ ಜಾಗ

ಚಳಿಗಾಲದಲ್ಲಿ ನನ್ನ ಆಫೀಸಿನ ಮೇಲಿನ ಮಹಡಿಯ ಹಾಲ್‌ನಲ್ಲಿ ಸದ್ದು ಶುರುವಾಯಿತು. ಧಬ್, ಧಬ್. ಒಂದು ಚಪ್ಪಾಳೆ. ಆಮೇಲೆ ಏನೂ ಇಲ್ಲ. ಮತ್ತೆ ಧಬ್. ಬುಕಿಂಗ್ ಪಟ್ಟಿ ನೋಡಿದರೆ ಆ ಹಾಲ್ ಖಾಲಿ. ಬಿಲ್ಡಿಂಗ್ ರಿಪೇರಿಯವನನ್ನು ಕರೆದೆ. ಅವನು, “ಹೀಟಿಂಗ್ ಪೈಪು,” ಅಂದ. ಪೈಪು ಚಪ್ಪಾಳೆ ತಟ್ಟುತ್ತದಾ ಅಂದೆ. ಇಬ್ಬರೂ ಮೇಲೆ ಹೋದೆವು.

ಬುಕ್ ಮಾಡದೆ ನುಗ್ಗಿದ್ದವಳು ನಮ್ಮ ಅಧ್ಯಕ್ಷೆಯೇ. ನೆಲ ತುಳಿದು ಚಪ್ಪಾಳೆ ತಟ್ಟಿ ಸಾಲಾಗಿ ಕುಣಿಯುವುದು ಇವರ ಪದ್ಧತಿ. ಸಾಲು ಐವರದ್ದು, ಇವಳು ಮೂರನೆಯವಳು. ತನ್ನ ಪಾಲಿನ ಹೆಜ್ಜೆ ಹಾಕಿ, ಉಳಿದವರ ಪಾಲು ಮುಗಿಯುವವರೆಗೆ ಸುಮ್ಮನೆ ನಿಲ್ಲುತ್ತಿದ್ದಳು. ಯಾರೋ ದಾಟಿ ಹೋಗುವಾಗ ಬಿಡುವಂತೆ ದಾರಿಯನ್ನೂ ಬಿಡುತ್ತಿದ್ದಳು.

“ಮ್ಯಾಮ್, ಸ್ವಲ್ಪ ಸರೀರಿ. ಅದು ನಾಲ್ಕನೆಯವಳ ಜಾಗ.”

ನಾನು ಹಾರಿ ಪಕ್ಕಕ್ಕೆ ನಿಂತೆ. ಪೈಪು ಅಂದಿದ್ದ ಮಹಾರಾಯ ಟೋಪಿ ತೆಗೆದು ಆ ಜಾಗಕ್ಕೆ, “ಎಕ್ಸ್‌ಕ್ಯೂಸ್ ಮಿ,” ಅಂದ.

೪. ಹಾಜರಿ

ಏಪ್ರಿಲ್ ಕೊನೆಯ ಬುಧವಾರ. ಅಷ್ಟರಲ್ಲಿ ಹೊಸಬರು ಒಬ್ಬರೂ ಸೇರಿರಲಿಲ್ಲ. ಅವತ್ತು ಚಾಪ್ಟರಿನ ಹುಟ್ಟುಹಬ್ಬ, ಯಾರು ಬೇಕಾದರೂ ಬರಬಹುದು ಅಂತ ಲಿಫ್ಟಿನ ಪಕ್ಕ ಚೀಟಿ ಅಂಟಿಸಿದ್ದಳು. ಬಂದದ್ದು ನಾನು, ಮತ್ತೆ ತಲೆ ಎಣಿಸಲು ಬಂದ ನಮ್ಮ ಡೈರೆಕ್ಟರ್. ಅವರು ಕೆಟ್ಟವರಲ್ಲ, ಆದರೆ ನಿಯಮ ಅಂದರೆ ನಿಯಮ.

ಇಲ್ಲಿ ಸದಸ್ಯೆಯರಾಗಿದ್ದು ತೀರಿಕೊಂಡವರ ಹೆಸರನ್ನು ಅವತ್ತು ಕರೆಯುತ್ತಾರೆ. ಪಟ್ಟಿ ಅವಳಿಗೆ ಬಾಯಿಪಾಠ, ಕಣ್ಣು ಮುಚ್ಚಿಕೊಂಡೇ ಕರೆಯುತ್ತಿದ್ದಳು. ಒಂದು ಹೆಸರು, ಸ್ವಲ್ಪ ಮೌನ, ಮತ್ತೊಂದು ಹೆಸರು. ನಾವು ಅಲುಗಾಡದೆ ಕೂತಿದ್ದೆವು. ಆ ರೂಮಿನ ದೀಪಗಳು ಜನ ಓಡಾಡಿದರಷ್ಟೇ ಉರಿಯುವಂಥವು, ಪಟಕ್ಕನೆ ಆರಿದವು. ಅವಳು ನಿಲ್ಲಿಸಲಿಲ್ಲ. ಡೈರೆಕ್ಟರ್ ಕೈ ಬೀಸಬಹುದಿತ್ತು, ನಾನೂ ಬೀಸಬಹುದಿತ್ತು. ಇಬ್ಬರಿಗೂ ಕೈ ಏಳಲಿಲ್ಲ.

ಕತ್ತಲೆಯಲ್ಲಿ ಇನ್ನೊಂದು ಹೆಸರು ಕರೆದಳು.

“ಹಾಜರ್,” ಅಂತು ಹಿಂದಿನ ಸಾಲು.

ನಾನು ಕಿರುಚಿದೆ. ಡೈರೆಕ್ಟರ್ ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು, ಆ ಅಲುಗಾಟಕ್ಕೆ ದೀಪ ಹತ್ತಿಕೊಂಡಿತು. ಹಿಂದಿನ ಬಾಗಿಲಿನ ಪಕ್ಕ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕೋಟು ತೊಟ್ಟು ಕೂತಿದ್ದಾರೆ.

“ಪಾರ್ಕಿಂಗ್ ಸಿಗಲಿಲ್ಲ, ತಡ ಆಯ್ತು. ಅದಿರಲಿ, ನಾನು ಸತ್ತೆ ಅಂತ ಬರೆದಿದ್ದು ಯಾರು?”

ಹುಡುಗಿ ತೊದಲಿದಳು. “ನಿಮಗೆ ಕಳಿಸಿದ ಕಾಗದ ಎಲ್ಲ ವಾಪಸ್ ಬಂತಂತೆ...”

“ನ್ಯೂವರ್ಕ್ ಬಿಟ್ಟು ಈಸ್ಟ್ ಆರೆಂಜಿಗೆ ಮನೆ ಬದಲಾಯಿಸಿದೆ ಕಣಮ್ಮಾ, ಅಷ್ಟೇ!”

ಡೈರೆಕ್ಟರ್ ಎದ್ದು ಬಟ್ಟೆ ಕೊಡವಿಕೊಂಡು, ಹಳೇ ಸದಸ್ಯರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ವಿದ್ಯಾರ್ಥಿಗಳು ಮಾತ್ರ ಅಂದರು. ಆಕೆ ಪರ್ಸಿನಿಂದ ನಮ್ಮ ಯೂನಿವರ್ಸಿಟಿಯ ಹೊಸ ಐಡಿ ಕಾರ್ಡು ತೆಗೆದು ಅವರ ಮೂಗಿನೆದುರು ಹಿಡಿದರು. ಮಗು ಆಯಿತೆಂದು ಮೂರನೇ ವರ್ಷದಲ್ಲಿ ಬಿಟ್ಟಿದ್ದ ಡಿಗ್ರಿ ಮುಗಿಸಲು ಜನವರಿಯಲ್ಲಿ ಮತ್ತೆ ಸೇರಿದ್ದರಂತೆ. ಚೀಟಿ ಕಣ್ಣಿಗೆ ಬಿದ್ದದ್ದು ಅವತ್ತು ಬೆಳಿಗ್ಗೆ. ಹುಡುಗಿ ಓಡಿಹೋಗಿ ಆಕೆಯನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ.

ಡೈರೆಕ್ಟರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇಬ್ಬರು’ ಅಂತ ಬರೆದುಕೊಂಡರು. ಆದರೂ ಬಿಡಲಿಲ್ಲ. “ಈ ಹುಡುಗಿ ಮುಂದಿನ ತಿಂಗಳು ಹೋಗ್ತಾಳೆ. ತಮ್ಮ ಡಿಗ್ರಿ ಯಾವಾಗ ಮುಗಿಯುತ್ತೆ?”

“ಹದಿನಾಲ್ಕು ಸಬ್ಜೆಕ್ಟ್ ಬಾಕಿ ಇದೆ. ಸೆಮಿಸ್ಟರಿಗೆ ಒಂದೇ ತಗೊಳ್ತೀನಿ,” ಅಂದರು ಆಕೆ, ಕೋಟಿನ ಗುಂಡಿ ಬಿಚ್ಚಿ ಆರಾಮಾಗಿ ಒರಗಿಕೊಳ್ಳುತ್ತ. “ಹೇಗಿದ್ದರೂ ಸತ್ತಾಗಿದೆ. ಇನ್ನೇನು ಅವಸರ?”