ಮಧ್ಯಾಹ್ನ ಮಾತ್ರ ಕೂಗುವ ಮೀನು

ಹೆಂಡತಿ: ಅದು ಮೀನಲ್ಲ ರೀ.

ಗಂಡ: ಸಮುದ್ರದೊಳಗಿನ ಮೈಕಿಗೆ ಸಿಕ್ಕ ಸದ್ದು. ಮೀನಲ್ಲದೆ ಇನ್ನೇನು, ಕೋಳಿನಾ?

ಹೆಂಡತಿ: ಊಟದ ಹೊತ್ತು ಮುಗಿದ ಕೂಡಲೇ ಶುರುವಾಗಿದೆ. ಬಿಸಿಲು ಇಳಿಯೋವರೆಗೂ ನಡೆದಿದೆ. ಮಧ್ಯೆ ಒಂದು ಸಲ ಕೆಮ್ಮಿದೆ.

ಗಂಡ: ನೀರಲ್ಲೇ ಇರೋ ಪ್ರಾಣಿ. ಕೆಮ್ಮು ಬರದೆ ಇರತ್ತಾ?

ಹೆಂಡತಿ: ಕೆಮ್ಮಿ, "ಅಯ್ಯಮ್ಮಾ" ಅಂದಿದೆ.

ಗಂಡ ಕಿಟಕಿಯ ಕಡೆ ತಿರುಗಿದ. ಸಮುದ್ರ ಅಳೆಯುವ ಆ ಕಚೇರಿಯಲ್ಲಿ ಇಬ್ಬರೂ ನೌಕರರು. ದಡದಿಂದ ದೂರದಲ್ಲಿ ಒಂದು ಹಳದಿ ಡ್ರಮ್ಮು ತೇಲುತ್ತಿತ್ತು. ಅಲೆಯ ಎತ್ತರ, ನೀರಿನ ಬಿಸಿ, ಗಾಳಿಯ ಬೀಸು ಅಳೆಯುವ ಸಲಕರಣೆಗಳೆಲ್ಲ ಅದರ ಮೈಮೇಲೆ. ಅಡಿಯಲ್ಲಿ ನೀರೊಳಗೆ ಇಳಿಬಿಟ್ಟ ಮೈಕು. ದಿನಾ ದೋಣಿಯಲ್ಲಿ ಹೋಗಿ ಡ್ರಮ್ಮಿಗೆ ಅಂಟಿದ ಪಾಚಿ, ಚಿಪ್ಪು ಕೆರೆದು ಬರುವುದು ಗಂಡನ ಕೆಲಸ. ಮೈಕಿಗೆ ಸಿಕ್ಕ ಸದ್ದನ್ನು ಕೇಳಿ ಇದು ಹಡಗು, ಇದು ತಿಮಿಂಗಿಲ, ಇದು ಸಿಗಡಿ ಎಂದು ಗುರುತಿಸುವುದು ಹೆಂಡತಿಯದು. ದೋಣಿಯ ತಳಕ್ಕೆ ಬೆನ್ನು ಹಚ್ಚಿ ಮಲಗಿದರೆ ಗೊರಕೆಯ ಸದ್ದೂ ನೀರಿಗಿಳಿದು ಅವಳ ಕಿವಿ ಸೇರುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಈಗ ವಿಷಯ ಕೈಮೀರಿತ್ತು. ಆ ದನಿಯನ್ನು ಕೇಳಿದ ಸಾಹೇಬರು, ಇಂಥದ್ದು ತಮ್ಮ ಸರ್ವೀಸಿನಲ್ಲೇ ಕೇಳಿಲ್ಲ, ಇದು ಯಾವುದೋ ಹೊಸ ಜಾತಿಯ ಮೀನೇ ಸರಿ ಎಂದು ಹಿಗ್ಗಿಹೋಗಿದ್ದರು. ನಿಜ ಹೇಳಿದರೆ ಗಂಡನ ಕೆಲಸಕ್ಕೆ ಕುತ್ತು.

ಗಂಡ: ನಂದೇ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯ?

ಹೆಂಡತಿ: ರಾತ್ರಿ ಪುಕ್ಕಟೆ ಕೇಳ್ತೀನಿ, ಹಗಲು ಸಂಬಳಕ್ಕೆ ಕೇಳ್ತೀನಿ. ಗೊತ್ತಾಗಲ್ವಾ?

ಗಂಡ: ಸಾಹೇಬರು ಪಾಪ, ಖುಷಿಯಾಗಿದ್ದಾರೆ ಕಣೇ. ಯಾಕೆ ಅವರ ಹೊಟ್ಟೆ ಮೇಲೆ ಹೊಡೀತೀಯ?

ಹೆಂಡತಿ: ಹೊಟ್ಟೆ ನಿಮ್ಮದು. ಅದು ತುಂಬಿದ್ದಕ್ಕೇ ಇಷ್ಟೆಲ್ಲ ಆಗಿರೋದು.

ಕೈ ಹಿಡಿದವನಿಗಿಂತ ಮೀನು ಹೆಚ್ಚಾಯಿತೇ ಎಂದು ಅವನು ಕೇಳಿದ. ಸುಳ್ಳು ಬರೆದು ಅಭ್ಯಾಸವಿಲ್ಲ ಎಂದಳು ಅವಳು. ಅಷ್ಟರಲ್ಲಿ ಸಾಹೇಬರೇ ಒಳಗೆ ಬಂದರು.

ಸಾಹೇಬರು: ಸೋಮವಾರದ ರೆಕಾರ್ಡಿಂಗ್ ಈಗ ತಾನೆ ಕೇಳಿದೆ. ಒಂದಲ್ಲಮ್ಮ, ಎರಡಿವೆ. ಎರಡನೇದರ ದನಿ ಮೊದಲನೇದಕ್ಕಿಂತ ದಪ್ಪ.

ಹೆಂಡತಿಯ ಮುಖ ನೋಡಲು ಗಂಡನಿಗೆ ಧೈರ್ಯ ಸಾಲಲಿಲ್ಲ. ಮೈಕಿನ ತಂತಿ ಪರೀಕ್ಷಿಸಲೆಂದು ಸೋಮವಾರ ಅವಳೂ ದೋಣಿಯಲ್ಲಿ ಬಂದಿದ್ದಳು. ತಂತಿ ಸರಿಯಿತ್ತು, ಗಾಳಿ ತಂಪಾಗಿತ್ತು. ತಾನೂ ಗೊರಕೆ ಹೊಡೆಯುವುದುಂಟೆಂದು ಮಾತ್ರ ಅವಳು ಈ ಜನ್ಮದಲ್ಲಿ ಒಪ್ಪಿದವಳಲ್ಲ.

ಸಾಹೇಬರು: ನಿಮ್ಮ ಕಿವಿ ಏನು ಹೇಳತ್ತೆ? ನೀವು ಹೂಂ ಅಂದ್ರೆ ಈಗಲೇ ಮೇಲಿನವರಿಗೆ ಬರೀತೀನಿ.

ಅವಳು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಆಮೇಲೆ ತೆಗೆದು, ಮಡಚಿ, ಮೇಜಿನ ಮೇಲಿಟ್ಟಳು.

ಹೆಂಡತಿ: ಮೊದಲನೇದು ನಮ್ಮ ಯಜಮಾನರು ಸರ್. ಡ್ಯೂಟಿ ಹೊತ್ತಲ್ಲಿ ಮಲಗಿದ್ದಾರೆ.

ಸಾಹೇಬರು: ಎರಡನೇದು?

ಹೆಂಡತಿ: ಅದು ಮೀನು.

ಇಂದಿಗೆ ತನ್ನ ಅನ್ನ ಮುಗಿಯಿತು ಎಂದುಕೊಂಡ ಗಂಡ. ಆದರೆ ಸಾಹೇಬರು ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಗಲ್ಲ ತುರಿಸಿಕೊಂಡು, ಗಂಭೀರವಾಗಿ ಅವನನ್ನೇ ನೋಡಿದರು.

ಸಾಹೇಬರು: ಅಂದ್ರೆ ನಿನ್ನ ಗೊರಕೆ ಕೇಳಿ ಆ ಮೀನು ಓಗೊಟ್ಟಿದೆ. ಮುಂಚೆ ಯಾವತ್ತಾದರೂ ಹೀಗಾಗಿದ್ದುಂಟಾ?

ಗಂಡ: ಮದುವೆ ಆದಾಗಿನಿಂದ ಓಗೊಡ್ತಾನೇ ಇದೆ ಸರ್.